ಮೊಟ್ಟೆಗೆ ಕೇಳಿಸಿದ ದನಿ

ಸತ್ತ ಹೇಂಟೆಯನ್ನು ನಾಯಿಯ ಬಾಯಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹರಾಜಣ್ಣ ಬೇಲಿಯ ಪಕ್ಕ ನಿಂತಿದ್ದ. ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನಾದ್ದರಿಂದ ಅವನಿಗೆ ಆ ಹೆಸರು. ಅವನು ತನ್ನ ಎರಡು ನಾಯಿಗಳನ್ನು ಊಟಕ್ಕೆ ಕರೆದರೆ ಬೀದಿಯ ಕೊನೆಯ ಮನೆಯವರೂ ಗಡಿಯಾರ ನೋಡಿಕೊಳ್ಳುತ್ತಿದ್ದರು. ಈಗ ಮಾತ್ರ ಪಕ್ಕದ ಮನೆಗಷ್ಟೇ ಕೇಳುವಂತೆ ಕರೆದ.

ಬೇಲಿಯಾಚೆಯಿಂದ ಟೈಲರಮ್ಮ, ಹೇಂಟೆಯಿಲ್ಲದ ಗೂಡಿನಲ್ಲಿ ಮೊಟ್ಟೆ ಮುಟ್ಟಿ ನೋಡಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದಳು. ನೋಡಿದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿನ ಬಟ್ಟೆಗೆ ಚುಚ್ಚಿಕೊಂಡಳು.

"ಇನ್ನೊಂದು ಕೋಳಿ ತಂದ್ಕೊಡ್ತೀನಿ ತಂಗಿ. ಎರಡು ಬೇಕಾದ್ರೂ ತರ್ತೀನಿ."

"ಬೇಲಿ ಬುಡ ಕೆರೀತಾವೆ, ಕಟ್ಹಾಕಿ ಅಂತ ಎಷ್ಟು ಸಲ ಹೇಳ್ದೆ ಅಣ್ಣಾ?"

"ತಪ್ಪಾಯ್ತು."

"ಕಾವಿಗೆ ಕೂತಿತ್ತು ಅದು. ಇವತ್ತೋ ನಾಳೆಯೋ ಮರಿ ಆಗ್ಬೇಕಿತ್ತು. ಮೊಟ್ಟೆ ಇನ್ನೂ ಬೆಚ್ಚಗಿವೆ. ಅವನ್ನ ಏನ್ ಮಾಡ್ಲಿ, ನೀವೇ ಹೇಳಿ."

ಒಳಗೆ ಅವಳ ಅತ್ತೆ ಆಗಲೇ ಬುಟ್ಟಿಗೆ ಚೂರುಬಟ್ಟೆ ತುಂಬಿ, ಮೊಟ್ಟೆಗಳನ್ನು ಜೋಡಿಸಿ, ಹೊಲಿಗೆ ಮೇಜಿನ ದೀಪವನ್ನು ಅದರ ಮೇಲೆ ಬಗ್ಗಿಸಿದ್ದಳು. ಕಣ್ಣು ಮಂಜಾದ ಮೇಲೆ ಕಿವಿಯಲ್ಲೇ ಬದುಕುತ್ತಿದ್ದ ಮುದುಕಿ. ಚಿಕ್ಕಂದಿನಲ್ಲಿ ಅಪ್ಪ ಓದಿ ಕೇಳಿಸಿದ ಪದ್ಯಗಳನ್ನು ಒಂದಕ್ಷರ ತಪ್ಪದೆ ದಿನವೆಲ್ಲ ಗುನುಗುವವಳು. ಈಗ ಗುನುಗುತ್ತಿರಲಿಲ್ಲ. ಒಂದೊಂದೇ ಮೊಟ್ಟೆಯನ್ನು ಕಿವಿಗೆ ಹಿಡಿದು ಆಲಿಸುತ್ತಿದ್ದಳು.

"ಬಾಪ್ಪಾ ಇಲ್ಲಿ," ಎಂದು, ಬೇಲಿ ಸುತ್ತಿ ಬಾಗಿಲಿಗೆ ಬಂದಿದ್ದ ಹರಾಜಣ್ಣನನ್ನು ಕರೆದು ಒಂದನ್ನು ಅವನ ಕಿವಿಗೂ ಹಿಡಿದಳು.

ಮೊದಲು ಏನೂ ಇಲ್ಲ. ಆಮೇಲೆ ಚಿಪ್ಪಿನೊಳಗಿಂದ ಸಣ್ಣದೊಂದು ಚೀಂ. ಸ್ವಲ್ಪ ಬಿಟ್ಟು ಇನ್ನೊಂದು. ಏನೋ ಕೇಳಿ ಉತ್ತರಕ್ಕೆ ಕಾಯುತ್ತಿರುವ ಹಾಗೆ.

"ಕರೀತಿದೆ," ಅಂದಳು ಮುದುಕಿ. "ತಾಯಿ ಇದ್ದಿದ್ರೆ ಮೇಲಿಂದ ಓಗೊಡ್ತಿತ್ತು. ಆ ಧೈರ್ಯದ ಮೇಲೆ ಚಿಪ್ಪು ಕುಟ್ಕೊಂಡು ಆಚೆ ಬರ್ತವೆ. ಯಾರೂ ಓಗೊಡದೆ ಹೋದ್ರೆ ಒಳಗೇ ಸುಮ್ಮನಾಗಿಬಿಡ್ತವೆ."

"ನೀವೇ ಓಗೊಡಿ ಅಮ್ಮಾ."

"ತಾಯೀನ ತೆಗೆದಿದ್ದು ನಿಮ್ಮ ನಾಯಿ," ಬಾಗಿಲಲ್ಲಿ ನಿಂತಿದ್ದ ಸೊಸೆ ಅಂದಳು. "ನೀವೇ ಕೂತ್ಕೊಳ್ಳಿ."

ಅವನು ಕೂತ. ಕೊಕ್ ಕೊಕ್ ಅನ್ನಲು ಹೋದರೆ ಕೆಮ್ಮಿದಂತಾಯಿತು. "ಮೊಟ್ಟೆಗೆ ಏನಂತ ಹೇಳ್ಲಿ ಅಮ್ಮಾ?"

"ಏನಾದ್ರೂ ಹೇಳು. ಹರಾಜು ಮಾತ್ರ ಕೂಗಬೇಡ."

ಅವನಿಗೆ ಬರುತ್ತಿದ್ದ ಮುದ್ದಿನ ಮಾತು ಒಂದೇ, ನಾಯಿಗಳನ್ನು ಕರೆಯುವುದು. ಅದನ್ನೇ ತಗ್ಗಿಸಿ, ಬುಟ್ಟಿಯ ಹತ್ತಿರ ಬಾಗಿ ಹೇಳಿದ: "ಬಾರೋ ನನ್ನ ರಾಜಾ, ಬಾ ಬಾ ಬಾ." ಒಳಗಿಂದ ಚೀಂ ಎಂದಿತು. ಅವನು ಇನ್ನೂ ಹತ್ತಿರ ಬಾಗಿ ಮತ್ತೆ ಕರೆದ. ಆ ದಿನ ಮಂಡಿಗೆ ಹೋಗಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂದನ್ನು ಬಿಟ್ಟು ಎಲ್ಲ ಮೊಟ್ಟೆಗಳೂ ಒಡೆದವು. ಆ ಒಂದನ್ನು ಮಾತ್ರ ಅವನು ಬಹಳ ಹೊತ್ತು ಕಿವಿಗೆ ಹಿಡಿದುಕೊಂಡೇ ಇದ್ದ.

ನಾಯಿಗಳನ್ನು ಕಟ್ಟಿಹಾಕಿದ. ಬೇಲಿಯ ಬುಡದಲ್ಲಿ ಕೆರೆದಿದ್ದ ಕಡೆ ಕಲ್ಲಿಟ್ಟ. ನಾಯಿ ನುಸುಳದ ಹಾಗೆ ಇಟ್ಟನೇ ಹೊರತು ಮರಿ ನುಸುಳುವಷ್ಟು ಸಂದಿ ಉಳಿದದ್ದನ್ನು ಯೋಚಿಸಿರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಬುಟ್ಟಿಯ ಮುಂದೆ ಕೂತು ಮರಿಗಳನ್ನು ಅದೇ ಮಾತಲ್ಲಿ ಕರೆದು ಮಾತಾಡಿಸಿ ಬರುತ್ತಿದ್ದ.

ಮರಿಗಳು ಅಂಗಳದಲ್ಲಿ ಓಡಾಡುವಂತಾದ ಮೇಲೆ ಒಂದು ಸಂಜೆ, ನಾಯಿಗಳಿಗೆ ಊಟ ಹಾಕಬೇಕೆಂದು ಹಗ್ಗ ಬಿಚ್ಚಿದ. ಅವು ಹಿತ್ತಲಿನ ಮೂಲೆಗೆ ಓಡಿದವು. ಅಭ್ಯಾಸಬಲದಿಂದ ಕರೆದ: "ಬಾರೋ ನನ್ನ ರಾಜಾ, ಬಾ ಬಾ ಬಾ."

ನಾಯಿಗಳು ತಿರುಗಿದವು. ಬೇಲಿಯ ಕಲ್ಲುಸಂದಿಯಿಂದ ಮರಿಗಳೂ ಒಂದರ ಹಿಂದೊಂದು ಬಂದವು.

ಅವನು ಎರಡೂ ನಾಯಿಗಳ ಕೊರಳಪಟ್ಟಿಗೆ ಕೈಹಾಕಿ ಮಂಡಿಯೂರಿಬಿಟ್ಟ. ಮರಿಗಳು ಬಂದು ಅವನ ಪಾದಕ್ಕೇ ಒತ್ತಿಕೊಂಡವು. ಎದ್ದು ಹಿಂದೆ ಸರಿದರೆ ಅವೂ ಅವನ ಜೊತೆಗೇ ಬಂದವು. ಬಾಯಿಬಿಡಲು ಹೆದರಿ ಅವನು ಬೇಲಿಯಾಚೆ ನೋಡಿದ.

ಟೈಲರಮ್ಮ ಸೂಜಿಗಳನ್ನು ಉಗುಳಿ ಅವನ ಹಿತ್ತಲಿಗೆ ಓಡಿಬಂದಳು. ಕರೆದಳು. ಕಾಳು ಚೆಲ್ಲುವ ಕೈ ಗೊತ್ತಿತ್ತೇ ಹೊರತು, ಹಗಲೆಲ್ಲ ಸೂಜಿ ಕಚ್ಚಿಕೊಂಡಿರುವವಳ ದನಿ ಅವಕ್ಕೆ ಗೊತ್ತಿರಲಿಲ್ಲ. ಒಂದೂ ತಿರುಗಿ ನೋಡಲಿಲ್ಲ. ಹಿಡಿಯಹೋದರೆ ಚದುರಿ ನಾಯಿಗಳ ಕಾಲಸಂದಿಗೇ ನುಗ್ಗಿದವು.

"ಹರಾಜಣ್ಣನ್ನ ಈ ಕಡೆ ಕಳಿಸೇ," ಮನೆಯ ಕಟ್ಟೆಯಿಂದ ಅತ್ತೆ ಕೂಗಿದಳು. "ಅವನೆಲ್ಲೋ ಅವೂ ಅಲ್ಲೇ."

ಟೈಲರಮ್ಮ ನಾಯಿಗಳನ್ನು ನೋಡಿದಳು. ತನ್ನ ಹೇಂಟೆಯನ್ನು ಕಚ್ಚಿದ್ದ ಬಾಯಿ. ಹರಾಜಣ್ಣ ಪಟ್ಟಿಗಳನ್ನು ಹಿಡಿದಿದ್ದ ಮುಷ್ಟಿಗಳನ್ನು ಅವಳತ್ತ ಚಾಚಿದ. ಅವಳು ಪಟ್ಟಿಗಳನ್ನು ಒಂದೊಂದಾಗಿ ತನ್ನ ಕೈಗೆ ತೆಗೆದುಕೊಂಡಳು. ಕೂದಲಿನಡಿ ನಾಯಿಯ ಕತ್ತು, ಅಂದು ಗೂಡಿನಲ್ಲಿ ಮುಟ್ಟಿ ನೋಡಿದ್ದ ಮೊಟ್ಟೆಗಳಷ್ಟೇ ಬೆಚ್ಚಗಿತ್ತು.

ಅವನು ಸುತ್ತು ಹಾಕಿ ಅವಳ ಅಂಗಳಕ್ಕೆ ಹೋಗಿ, ಕಲ್ಲುಸಂದಿಯ ಮುಂದೆ ಕೂತು, ತಗ್ಗಿದ ದನಿಯಲ್ಲಿ ಕರೆದ. ಮರಿಗಳು ಕತ್ತೆತ್ತಿದವು, ಓಡಿದವು. ಅದೇ ಗಳಿಗೆಯಲ್ಲಿ ಎರಡು ನಾಯಿಗಳೂ ಅವಳ ತೋಳು ಕಿತ್ತುಬರುವಂತೆ ಅತ್ತಲೇ ಎಳೆದವು. ಮರಿಗಳ ಕಡೆಗೋ, ಆ ದನಿಯ ಕಡೆಗೋ, ಅವಳಿಗೆ ತಿಳಿಯಲಿಲ್ಲ. ಹಿಡಿತ ಮಾತ್ರ ಸಡಿಲಿಸಲಿಲ್ಲ.