ಹಲ್ಲಿನ ಟೈರು

“ಜಾರಬಾರದು. ನನಗೆ ಬೇಕಾಗಿರೋದು ಅಷ್ಟೇ,” ಎಂದಳು ದಾಕ್ಷಾಯಣಮ್ಮ.

ಟೈರಂಗಡಿಯ ಭೂತಪ್ಪ ಅವಳ ಮುಖ ನೋಡಿದ. ಆಮೇಲೆ ಅವಳ ಗಂಡ ಮುರುಗೇಶಪ್ಪನ ಮುಖ ನೋಡಿದ. ಶಿವಮೊಗ್ಗದ ಮರದ ವ್ಯಾಪಾರಿಯ ಹೆಂಡತಿ ತಾನೇ ಅಂಗಡಿಗೆ ಬಂದು ಟೈರು ಆರಿಸುವುದೆಂದರೆ ಆ ಬೀದಿಗೇ ಹೊಸದು.

ಹೊರಗೆ ಕಾರು ನಿಂತಿತ್ತು. ಎರಡೇ ಸೀಟು, ಉದ್ದದಲ್ಲಿ ಅರ್ಧ ಬರೀ ಬಾನೆಟ್ಟು. ಭದ್ರಾವತಿಯಲ್ಲಿದ್ದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಮರಳುವಾಗ ಮಾರಿಹೋದ ರೇಸಿನ ಗಾಡಿ. ಅದು ಗುಡುಗಿದರೆ ಬೀದಿಯ ಎತ್ತುಗಳು ಬೆದರಿ ನೊಗ ಕೊಡವುತ್ತಿದ್ದವು.

“ಮಾಮೂಲಿ ಉದ್ದ ಗೀರಿನ ಟೈರೇ ಹಾಕು ಭೂತಪ್ಪ,” ಎಂದ ಮುರುಗೇಶಪ್ಪ. “ಸದ್ದಿಲ್ಲದೆ ಓಡುತ್ತೆ. ಸ್ಟೇರಿಂಗೂ ಹಗುರ.”

“ಸದ್ದಿಲ್ಲದೆ ಓಡೋದು ಇವರಿಗೆ ಚೆನ್ನಾಗಿ ಗೊತ್ತು,” ಎಂದು ಅವಳು ಭೂತಪ್ಪನ ಕಡೆ ತಿರುಗಿದಳು. “ಮಳೆಗಾಲಕ್ಕೆ ಯಾವುದು ಸರಿ? ಅದನ್ನ ಹೇಳಿ.”

ಭೂತಪ್ಪ ಒಳಗಿಂದ ಒಂದು ಟೈರು ಉರುಳಿಸಿಕೊಂಡು ಬಂದ. ಮೈತುಂಬ ಬಾಣದ ಮೊನೆಯಂಥ ದಪ್ಪ ಹಲ್ಲು.

“ನೋಡಿ ಅಮ್ಮಾವ್ರೇ, ಈ ಗಾಡಿಯ ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ ಬರುತ್ತೆ. ಕೆಮ್ಮಣ್ಣು ನೆನೆದರೆ ಆ ಶಕ್ತೀನೇ ಶತ್ರು. ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತೆ, ಇಲ್ಲಾ ತಿರುವಿನಲ್ಲಿ ಹಿಂಭಾಗ ಜಾರಿ ಗಾಡಿ ಹೊಂಡಕ್ಕೆ ಬೀಳುತ್ತೆ. ಇದಾದರೆ ಮಣ್ಣನ್ನ ಕಚ್ಚಿ ಹಿಡಿಯುತ್ತೆ. ಹಿಂದಕ್ಕೆ ಹಾಕಿದರೆ ಸಾಕು. ಒಣ ರಸ್ತೇಲಿ ಮಾತ್ರ ಗುಂಯ್ ಅನ್ನುತ್ತೆ, ಬೇಗ ಸವೆಯುತ್ತೆ.”

“ಈ ಕಡೆ ಬೇರೆ ಯಾರ ಗಾಡಿಗಿದೆ ಇಂಥದ್ದು?”

“ಯಾರಿಗೂ ಇಲ್ಲ. ಬೆಂಗಳೂರಿಂದ ಈಗ ಬಂದ ಜೋಡಿ.”

“ಹಾಕಿ.”

ಮುರುಗೇಶಪ್ಪ ನಕ್ಕ. ನಗು ತುಟಿ ದಾಟಲಿಲ್ಲ. “ನನ್ನ ಜೀವದ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಅಕ್ಕರೆ ಬಂತಲ್ಲ!”

“ಕಟ್ಟಿಕೊಂಡವಳು ನಾನಲ್ಲವೆ? ಜಾರೋದನ್ನ ನಾನಲ್ಲದೆ ಇನ್ನಾರು ನೋಡಬೇಕು?”

ಮನೆಯಲ್ಲಿ ಅವರಿಬ್ಬರೂ ಮಾತಾಡಿ ಎಷ್ಟೋ ದಿನವಾಗಿತ್ತು. ಆಡಿದರೆ ಹೀಗೆಯೇ, ಮೂರನೆಯವರ ಮುಂದೆ, ಮಾತಿಗೆ ಮುಳ್ಳು ಕಟ್ಟಿ. ಅವನು ವಾರಕ್ಕೊಮ್ಮೆ ಭದ್ರಾವತಿಗೆ ಹೋಗತೊಡಗಿದ್ದ. ಕೇಳಿದರೆ, “ಕಾರ್ಖಾನೆಗೆ ಸೌದೆ ಹಾಕೋ ಮಾತುಕತೆ,” ಎನ್ನುತ್ತಿದ್ದ. ಸೌದೆಯ ಮಾತಿಗೆ ರೇಷ್ಮೆ ರುಮಾಲು ಯಾಕೆ? ಹೋದ ವಾರ ಅವನ ಸೀಟಿನ ಹಿಂದೆ ಕಾಗದ ಸುತ್ತಿದ ಹಸಿರು ಸೀರೆ ಕಂಡಿದ್ದಳು. ಅದು ಅವಳ ಕೈಗೆ ಬರಲಿಲ್ಲ.

ಭದ್ರಾವತಿಯಲ್ಲಿ ನಾಟಕದ ಕಂಪನಿಯೊಂದು ಡೇರೆ ಹಾಕಿತ್ತು. ಅದರ ನಾಯಕಿಯ ಬಣ್ಣ, ಕಂಠ, ಕಣ್ಣು ಇವೇ ಶಿವಮೊಗ್ಗದ ಜಗಲಿಗಳ ಮಾತು. ದಾಕ್ಷಾಯಣಮ್ಮನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಹೇಳಿಕೊಳ್ಳೋಣವೆಂದರೆ ತವರಿನವರೂ ಸಿಗಲಿಲ್ಲ. ಅವಳ ತವರು ಭದ್ರಾವತಿಯೇ. ಮಡಿಲು ತುಂಬಲಿಲ್ಲವೆಂದು ತಾಯತ, ಹರಕೆ, ಗದ್ದುಗೆಯ ಭಸ್ಮ ಹೊತ್ತು ಮೇಲಿಂದ ಮೇಲೆ ಬರುತ್ತಿದ್ದ ತಾಯಿ ಮಹಾಂತಮ್ಮ ಈ ವರ್ಷ ಇತ್ತ ಸುಳಿದಿರಲಿಲ್ಲ. ಹಬ್ಬಕ್ಕೆ ಕರೆಯಲೂ ಯಾರೂ ಬರಲಿಲ್ಲ. ತಂದೆ ಷಡಕ್ಷರಪ್ಪನಿಗೆ ಜ್ವರವಂತೆ.

ಟೈರು ಹಾಕಿಸಿದ ಮೇಲೆ ಮಳೆ ಹಿಡಿಯಿತು. ಒಂದು ಬೆಳಗ್ಗೆ ಮುರುಗೇಶಪ್ಪ ರುಮಾಲು ಸುತ್ತಿ ಕಾರು ಹತ್ತಿದ. ಕಾರಿನ ಗುಡುಗು ಬೀದಿಯ ಕೊನೆ ದಾಟುತ್ತಲೇ ಅವಳು ಸೆರಗು ಬಿಗಿದು ಭದ್ರಾವತಿಯ ಬಸ್ಸು ಹತ್ತಿದಳು. ಡ್ರೈವರನ ಪಕ್ಕದಲ್ಲೇ ಕೂತಳು.

ಮಾಚೇನಹಳ್ಳಿಯ ಹತ್ತಿರ ಟೈರಿನ ಗುರುತು ಸಿಕ್ಕಿತು. ನೆನೆದ ಕೆಮ್ಮಣ್ಣಿನ ಮೇಲೆ, ಎತ್ತಿನ ಗಾಡಿಗಳ ಜಾಡಿನ ನಡುವೆ, ಬಾಣದ ಹಿಂದೆ ಬಾಣ. ಅಚ್ಚೊತ್ತಿದ ಹಾಗಿತ್ತು. ಅವಳು ಸೀಟಿನ ಅಂಚಿಗೆ ಸರಿದಳು. ಆ ನಾಟಕದವಳಿಗೆ ಆಡಬೇಕಾದ ಮಾತುಗಳನ್ನೆಲ್ಲ ನಾಲಗೆಯ ತುದಿಯಲ್ಲಿ ಮಸೆಯುತ್ತ ಕೂತಳು.

ಭದ್ರಾವತಿಯ ಸೇತುವೆ ದಾಟಿ ಇಳಿದವಳು ಕೊಡೆಯನ್ನೂ ಬಿಚ್ಚದೆ ಗುರುತಿನ ಹಿಂದೆ ನಡೆದಳು. ಎದುರಿಗೇ ಡೇರೆ ಕಂಡಿತು. ಬಾಗಿಲಲ್ಲಿ ಬಣ್ಣದ ಪರದೆ ಮಳೆಗೆ ತೊಯ್ದು ಜೋತಿತ್ತು.

ಬಾಣಗಳು ಅಲ್ಲಿ ನಿಲ್ಲಲಿಲ್ಲ. ತಿರುಗಲೂ ಇಲ್ಲ. ನೇರ ಮುಂದಕ್ಕೆ ಹೋಗಿದ್ದವು.

ಅವಳು ತಬ್ಬಿಬ್ಬಾದಳು. ಪೇಟೆ ದಾಟಿದ ಗುರುತು ಎಡಕ್ಕೆ ಹೊರಳಿತು. ಅವಳು ಕುಂಟಾಬಿಲ್ಲೆ ಆಡಿ ಬೆಳೆದ ಬೀದಿ ಅದು. ಕೊನೆಯಲ್ಲಿ, ತನ್ನ ತಂದೆಯ ಮನೆಯ ಮುಂದೆ, ಕಾರು ಮಳೆಯಲ್ಲಿ ಮಿಂದು ನಿಂತಿತ್ತು.

ದಾಕ್ಷಾಯಣಮ್ಮ ಕಾರಿನ ಪಕ್ಕ ನಿಂತಳು. ಜ್ವರದ ಮಾವನನ್ನು ನೋಡಲು ಬರುತ್ತಿದ್ದರೇ ಇವರು? ಅದನ್ನು ಬಾಯಿಬಿಟ್ಟು ಹೇಳಬಾರದಿತ್ತೆ? ಇಂಥ ಮನುಷ್ಯನ ಮೇಲೆ ತಾನು ಏನೇನು ಹೊರಿಸಿದೆ! ನಾಚಿಕೆಯಿಂದ ಮುಖ ಬಿಸಿಯಾಯಿತು. ಒಳಗೆ ಹೋಗಿ ಎಲ್ಲರ ಮುಂದೆ ತಪ್ಪಾಯಿತು ಎಂದುಬಿಡಬೇಕೆಂದುಕೊಂಡು ಜಗಲಿ ಹತ್ತಿದಳು.

ಷಡಕ್ಷರಪ್ಪ ಗೋಡೆಗೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಜ್ವರದ ಸುಳಿವೂ ಇರಲಿಲ್ಲ. ಮಗಳನ್ನು ಕಂಡದ್ದೇ ಕೈ ನಿಂತಿತು. ಚಾಪೆಯ ಮೇಲಿದ್ದ ಮುರುಗೇಶಪ್ಪ ಎದ್ದ. ಅಡಿಗೆಮನೆಯ ಬಾಗಿಲಲ್ಲಿ ತಂಗಿ ಸುವರ್ಣ ಹಾಲಿನ ಲೋಟ ಹಿಡಿದು ನಿಂತಿದ್ದಳು. ಅಕ್ಕನನ್ನು ಕಂಡರೆ ಓಡಿಬಂದು ತಬ್ಬುವ ಹುಡುಗಿ ಅಲ್ಲಿಂದ ಕದಲಲಿಲ್ಲ.

ಅವಳ ಹಿಂದಿನಿಂದ ಮಹಾಂತಮ್ಮ ಬಂದಳು. ಹಿರಿಯ ಮಗಳ ತೊಯ್ದ ತಲೆಯನ್ನು ಸೆರಗಿನಿಂದ ಒರೆಸಿದಳು.

“ನೀನಾಗೇ ಬಂದದ್ದು ಒಳ್ಳೇದಾಯ್ತು ಕಣೆ, ಯಾವಳೋ ಹೊರಗಿನವಳು ಸವತಿಯಾಗಿ ಬರೋದಕ್ಕಿಂತ ನಮ್ಮ ಸುವರ್ಣಾನೇ ಆಗಲಿ, ಬಾ, ನಿನ್ನ ಕೈಯಾರೆ ಅವಳಿಗೆ ಕುಂಕುಮ ಇಡು.”