ಹೆಬ್ಬೆಟ್ಟಿನ ಶಾಯಿ

ಮೊನ್ನೆ ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನ ಉಯಿಲಿಗೆ ಹೆಬ್ಬೆಟ್ಟು ಒತ್ತುವಾಗ ಶಾಯಿಪ್ಯಾಡಿನ ವಾಸನೆ ಮೂಗಿಗೆ ಬಡಿದು, ಸಯನ್‌ನಲ್ಲಿ ಮಾವನ ಮನೆಯಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಯಿತು.

ನನಗಾಗ ಒಂಬತ್ತು ವರ್ಷ. ಅಮ್ಮ ಹೊಸ ಅಂಗಿ ತೊಡಿಸಿ ಕಾಂದಿವಲಿಯಿಂದ ಲೋಕಲ್ ರೈಲಿನಲ್ಲಿ ಕರೆತಂದಿದ್ದಳು. ಅಮ್ಮನ ತಮ್ಮನಾದ ಮಾವ ಇಪ್ಪತ್ತು ವರ್ಷ ಹೋಟೆಲಿನಲ್ಲಿ ದುಡಿದು ಆ ಎರಡು ಕೋಣೆಯ ಮನೆ ಕೊಂಡಿದ್ದರು. ಈಗ ಪಾರ್ಶ್ವವಾಯು ಬಡಿದು, ಕೈಗಳ ಸ್ವಾಧೀನ ತಪ್ಪಿ ಮಲಗಿದ್ದರು. ಅತ್ತೆ ಮೊದಲೇ ತೀರಿಹೋಗಿದ್ದರಿಂದ ಅವರಿಗೆ ಉಣಿಸಿ ಮೈ ಒರೆಸುತ್ತಿದ್ದವಳು ಹದಿನಾಲ್ಕರ ಮಗಳು ಸುಗಂಧಿ.

ವಕೀಲರು ಉಯಿಲು ಓದಿ ಮುಗಿಸಿದರು. ಮನೆಯನ್ನು ನನ್ನ ಹೆಸರಿಗೆ ಬರೆಯಲಾಗಿತ್ತು.

"ಮಗಳಿಗೆ ಏನೂ ಇಲ್ವಾ?" ಎಂದು ಅವರು ಮಾವನನ್ನು ಕೇಳಿದರು.

ಉತ್ತರ ಕೊಟ್ಟವಳು ಅಮ್ಮ. "ನಮ್ಮದು ಅಳಿಯಕಟ್ಟು ಅಲ್ವಾ, ಆಸ್ತಿ ಅಕ್ಕನ ಮಕ್ಕಳಿಗೇ ಹೋಗುವುದು. ಅವಳಿಗೆ ಮದುವೆ ಮಾಡಿಸ್ಲಿಕ್ಕೆ ನಾನಿದ್ದೇನೆ."

ಮಾವ ಫ್ಯಾನ್ ನೋಡುತ್ತಾ ಮಲಗಿದ್ದರು.

ಅವರ ಬೆರಳು ಕಾಗದದ ಮೇಲೆ ನಿಲ್ಲಲಿಲ್ಲ. "ನೀನು ಸ್ವಲ್ಪ ಹಿಡ್ಕೊ ಮಗಾ," ಎಂದು ಅಮ್ಮ ಸುಗಂಧಿಗೆ ಹೇಳಿದಳು. ಅವಳು ಅಪ್ಪನ ಹೆಬ್ಬೆರಳನ್ನು ಶಾಯಿಗೆ ಅದ್ದಿ, ನೋಯದ ಹಾಗೆ ಕಾಗದಕ್ಕೆ ಒತ್ತಿದಳು. ಗುರುತು ಮಸುಕಾಗಿದೆ ಎಂದರು ವಕೀಲರು. ಅವಳು ಇನ್ನೊಮ್ಮೆ, ಬಲವಾಗಿ ಒತ್ತಿದಳು. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಆ ಬೆರಳನ್ನು ಬಹಳ ಹೊತ್ತು ಉಜ್ಜಿದಳು.

ನಾವು ಹೊರಟಾಗ ಬಾಗಿಲಿನವರೆಗೆ ಬಂದಳು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅವಳು ಬಗ್ಗಿ ಅಮ್ಮನನ್ನಲ್ಲ, ನನ್ನನ್ನು ಕೇಳಿದಳು:

"ಅಪ್ಪ ಇರುವವರೆಗೆ ನಾನು ಇಲ್ಲೇ ಇರಬಹುದಲ್ಲ?"

ನಾನು ಅಮ್ಮನ ಮುಖ ನೋಡಿದೆ.