ಎರಡನೇ ಗೇರಿನ ಕಾರು

ಮಗನಿಗೆ ಹೆಣ್ಣು ನೋಡಿ ಒಪ್ಪಿಕೊಂಡಿದ್ದ ಗರಗದ ಮುರುಗೆಪ್ಪನವರು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಾರಿಳಿದು, ಕೈ ಮುಗಿದು, ಹಿಂದುಗಡೆ ನಿಂತದ್ದೇ ತಪ್ಪಾಯಿತು. ಹತ್ತಿ ವ್ಯಾಪಾರಿ ರಾಜಶೇಖರನ ಹೊಸ ಡೀಸೆಲ್ ಕಾರು ಎರಡು ಸಲ ಜಗ್ಗಾಡಿ, ಅವರ ಬಿಳಿ ಖಾದಿ ಧೋತರದ ತುಂಬ ಕರಿ ಹೊಗೆ ಉಗುಳಿ ಮುಂದೆ ಹೋಯಿತು. "ಶುಕ್ರವಾರ ಗರಗಕ್ಕ ಬರ್ರಿ, ಮಾತು ಮುಗಿಸೋಣು" ಎಂದಿದ್ದ ಮನುಷ್ಯ ಈಗ ಫೋನಿನಲ್ಲಿ "ಬರ್ರಿ, ನೋಡೋಣು" ಎನ್ನತೊಡಗಿದ್ದರು. ರಾಜಶೇಖರನ ಮಗಳು ವಾಣಿಶ್ರೀಗೆ ಹುಡುಗ ಮನಸ್ಸಿಗೆ ಬಂದಿದ್ದ. ಆ "ನೋಡೋಣು" ಕೇಳಿದಾಗಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಅಪ್ಪನನ್ನು ಕಾರಿನ ಸಮೇತ ಗ್ಯಾರೇಜಿಗೆ ಎಳೆದು ತಂದಳು.

ಮೆಕ್ಯಾನಿಕ್ ಬಂದೇನವಾಜ ಮೊದಲು ಡೀಸೆಲ್ ಕೆಟ್ಟದ್ದು ಅಂದಿದ್ದ, ಆಮೇಲೆ ಫಿಲ್ಟರ್ ಅಂದಿದ್ದ, ಕಡೆಗೆ ಇಂಜೆಕ್ಟರ್ ಅಂದಿದ್ದ. ಪ್ರತಿ ಸಲವೂ ಎದೆ ಮುಟ್ಟಿಕೊಂಡು ಗ್ಯಾರಂಟಿ ಕೊಟ್ಟಿದ್ದ.

"ಅದೇನೂ ಅಲ್ಲೋ, ಇದು ದೃಷ್ಟಿ," ಎಂದ ರಾಜಶೇಖರ. "ದುರ್ಗದಬೈಲಿನ ಪಂಢರಿನಾಥಂದ ಕಣ್ಣು. ಅವನ ಅಂಗಡಿ ಮುಂದ ನಾ ಹಾದ್ರ ಸಾಕು, ತಕ್ಕಡಿ ಬಿಟ್ಟು ನೋಡ್ತಾನ." ಮುಂದೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ಸಾಲದೆಂದು ಕಾರಿನ ಹಿಂದೆ ಹಳೆ ಚಪ್ಪಲಿಯೂ ತೂಗಾಡುತ್ತಿತ್ತು.

ಬಂದೇನವಾಜ ಈ ಸಲ ಗ್ಯಾರಂಟಿ ಕೊಡಲಿಲ್ಲ. ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಇಂಜಿನ್ನಿಗೇ ವಾಪಸ್ ಕಳಿಸುವ ಇಜಿಆರ್ ವಾಲ್ವಿನ ದಾರಿಗೆ ಪರೀಕ್ಷೆಗೆಂದು ಎಣ್ಣೆ ಡಬ್ಬಿಯ ತಗಡಿನ ತುಂಡು ಅಡ್ಡ ಕೊಟ್ಟು, ಕಾರು ಚಾಲೂ ಮಾಡಿದ. ಹೊಗೆ ನಿಂತಿತು, ಜಗ್ಗಾಟವೂ ನಿಂತಿತು. ವಾಲ್ವು ಬಿಚ್ಚಿದರೆ ಒಳಗೆ ರೊಟ್ಟಿ ಹಂಚಿನ ತಳದಂತೆ ಮಸಿ. ಮುಚ್ಚಬೇಕಾದಾಗ ಮುಚ್ಚಲಾರದೆ ಅದು ಬಾಯಿ ತೆರೆದೇ ಕೂತುಬಿಟ್ಟಿತ್ತು.

"ಹೊಸಾ ಗಾಡ್ಯಾಗ ಇಷ್ಟು ಮಸಿ ಹೆಂಗ್ರಿ ಸಾವ್ಕಾರ್ರ? ಹೆಂಗ ಓಡಸ್ತೀರಿ?"

"ಭಾಳ ಜ್ವಾಪಾನ. ಕೂಸಿನಂಗ."

"ಎರಡನೇ ಗೇರ್ ದಾಟಂಗಿಲ್ಲ ಕಾಕಾ," ಎಂದಳು ವಾಣಿಶ್ರೀ. "ಮನಿಯಿಂದ ಅಂಗಡಿಗೆ ನಡಕೊಂಡು ಹೋಗಬಹುದು. ಅಪ್ಪ ದುರ್ಗದಬೈಲ್ ಸುತ್ತು ಹಾಕಿ, ಒಂದೊಂದು ಅಂಗಡಿ ಮುಂದ ಗಾಡಿ ಚಾಲೂ ಇಟ್ಟು ನಮಸ್ಕಾರ ಮಾಡ್ಕೋತ ಹೋಗ್ತಾನ."

ಬಂದೇನವಾಜನಿಗೆ ನಗು ತಡೆಯಲಾಗಲಿಲ್ಲ. ತಗಡು ತೆಗೆದು, ವಾಲ್ವು ತೊಳೆದು ಕೂಡಿಸಿ ಹೇಳಿದ: "ಈಗ ಸೀದಾ ಬೈಪಾಸಿಗೆ ಒಯ್ದು ಒಂದು ತಾಸು ಜೋರಾಗಿ ಓಡಸ್ರಿ. ಉಳಿದ ಮಸಿ ಸುಟ್ಟು ಹೋಗತೈತಿ. ಮತ್ತ ಇಲ್ಲೇ ಸುತ್ತಿದ್ರ, ಶುಕ್ರವಾರ ಬೀಗರ ಅಂಗಳದಾಗ ಅದ ಹೊಗಿ ನೋಡ್ರಿ."

ರಾಜಶೇಖರ ತಲೆಯಾಡಿಸಿದ. ಆದರೆ ರಸ್ತೆ ಕವಲೊಡೆಯುವಲ್ಲಿ ಅವನ ಕೈ ತಾನಾಗಿಯೇ ದುರ್ಗದಬೈಲಿನ ಕಡೆ ತಿರುಗಿತು.

"ಅಪ್ಪಾ, ಬೈಪಾಸು," ಎಂದಳು ವಾಣಿಶ್ರೀ.

"ಅಲ್ಲೇನೈತಿ ವಾಣಿ? ಬರೇ ಲಾರಿ. ನೋಡಾವ್ರು ಯಾರದಾರ ಅಲ್ಲಿ?"

ಪಂಢರಿನಾಥನ ಅಂಗಡಿ ಮುಂದೆ ಕಾರು ಚಾಲೂ ಇಟ್ಟೇ ಹಾರ್ನ್ ಹೊಡೆದ. ಪಂಢರಿನಾಥ ತಕ್ಕಡಿ ಬಿಟ್ಟು ತಲೆ ಎತ್ತಿದ.

"ನೋಡು, ಹೆಂಗ ನೋಡಾಕತ್ತಾನ," ಎಂದು ರಾಜಶೇಖರ ಹಿಗ್ಗಿದ. "ಇವತ್ತ ಇನ್ನೊಂದು ನಿಂಬಿಹಣ್ಣು ಕಟ್ಟಬೇಕು."

ವಾಣಿಶ್ರೀ ಬಾಗಿಲು ತೆಗೆದು ಇಳಿದು, ನೆಟ್ಟಗೆ ಅಂಗಡಿಯ ಕಟ್ಟೆಗೆ ಹೋದಳು. ಅಪ್ಪನಿಗೆ ಕೇಳುವಂತೆಯೇ ಕೇಳಿದಳು:

"ಪಂಢರಿ ಕಾಕಾ, ಶುಕ್ರವಾರ ಅಪ್ಪ ಗರಗಕ್ಕ ಹೊಂಟಾನ. ಮುಂಜಾನಿ ಬಸ್ ಎಷ್ಟಕ್ಕೈತ್ರಿ?"